ಗಂಟೆಯಕ್ಕನ ಬಲ್ಬಿನ ಲೆಕ್ಕ

ನಾನು ಬಲ್ಬು ಕಾರ್ಖಾನೆಗೆ ಸೇರಿದ್ದು ಪ್ಯಾಕಿಂಗ್ ವಿಭಾಗಕ್ಕೆ. ಮೂರನೇ ತಿಂಗಳಿಗೇ ಅಲ್ಲಿಂದ ಎತ್ತಂಗಡಿಯಾಯಿತು. ತಪ್ಪು ನನ್ನದಲ್ಲ, ನನ್ನ ಮೂಗಿನದು. ರಟ್ಟಿನ ಧೂಳು ಒಳಗೆ ಹೋದರೆ ಸಾಕು, ಒಂದರ ಹಿಂದೆ ಒಂದು ಹದಿನೈದು ಸೀನು. ನನ್ನ ಕೈಯಲ್ಲಿರುವ ಬಲ್ಬಿನ ಗತಿ ಏನಾಯಿತೋ ಎಂದು ಮೇಸ್ತ್ರಿ ಪ್ರತಿ ಸಲವೂ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ. ಕೊನೆಗೊಂದು ದಿನ, "ಇನ್ನೆಲ್ಲಾದ್ರೂ ಹೋಗಿ ಸೀನಮ್ಮ, ನನ್ನ ಗಾಜಿನ ಹತ್ತಿರ ಬೇಡ," ಎಂದು ಚೀಟಿ ಬರೆದುಕೊಟ್ಟ. ಆ ಚೀಟಿ ಹಿಡಿದು ನಾನು ಪರೀಕ್ಷಾ ಕೋಣೆಯ ಬಾಗಿಲು ತಳ್ಳಿದೆ. ಒಳಗಿದ್ದ ಹೆಂಗಸು ನಡೆದದ್ದನ್ನೆಲ್ಲ ಕೇಳಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಅಂದಿನಿಂದ ನನಗೆ ಸೀನಮ್ಮ ಎಂಬ ಹೆಸರೇ ಖಾಯಂ ಆಯಿತು. ಅವಳಿಗೆ ಆಗಲೇ ಒಂದು ಹೆಸರಿತ್ತು. ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಗಂಟೆಯಕ್ಕ ಎನ್ನುತ್ತಿದ್ದರು.

ಆ ಕೋಣೆಯನ್ನು ನೋಡದವರಿಗೆ ಹೇಳುವುದು ಕಷ್ಟ. ಮೂರು ಗೋಡೆಗಳಿಗೆ ಕಬ್ಬಿಣದ ಚೌಕಟ್ಟು, ಚೌಕಟ್ಟಿನ ತುಂಬ ಸಾಲುಸಾಲಾಗಿ ಬಲ್ಬು, ಒಟ್ಟು ಮುನ್ನೂರ ಇಪ್ಪತ್ತು. ಹಗಲು ರಾತ್ರಿ ಎಲ್ಲವೂ ಉರಿಯುತ್ತಲೇ ಇರಬೇಕು. ಪ್ರತಿ ವಾರ ತಯಾರಾದ ಸರಕಿನಲ್ಲಿ ಒಂದಿಷ್ಟನ್ನು ತಂದು ಇಲ್ಲಿ ಹಚ್ಚುವುದು, ಯಾವುದು ಎಷ್ಟು ಗಂಟೆ ಉರಿದು ಆರಿತು ಎಂದು ರಿಜಿಸ್ಟರಿನಲ್ಲಿ ಬರೆಯುವುದು, ಇಷ್ಟೇ ಕೆಲಸ. ಗಂಟೆಗೊಮ್ಮೆ ಸಾಲಿನ ಉದ್ದಕ್ಕೂ ಒಂದು ಸುತ್ತು. ಚಳಿಗಾಲದಲ್ಲಿ ಇಡೀ ಕಾರ್ಖಾನೆಯೇ ಏನಾದರೊಂದು ನೆಪ ಮಾಡಿಕೊಂಡು ನಮ್ಮ ಕೋಣೆಗೆ ಬರುತ್ತಿತ್ತು. ಬೇಸಿಗೆಯಲ್ಲಿ ಮ್ಯಾನೇಜರ್ ಕೂಡ ಹೊಸ್ತಿಲಾಚೆ ನಿಂತೇ ಮಾತಾಡಿ ಹೋಗುತ್ತಿದ್ದರು. ಊಟದ ಡಬ್ಬಿಗಳನ್ನು ಕೆಳಗಿನ ಸಾಲಿನ ಬಳಿ ಇಟ್ಟರೆ ಮಧ್ಯಾಹ್ನದ ಹೊತ್ತಿಗೆ ಈಗ ತಾನೇ ಒಲೆಯಿಂದ ಇಳಿಸಿದಂತೆ ಬಿಸಿ. ಮಳೆಯಲ್ಲಿ ನೆನೆದು ಬಂದವರ ಕಾಲುಚೀಲಗಳು ನಮ್ಮ ಚೌಕಟ್ಟಿನ ಕಂಬಿಗಳ ಮೇಲೆ ಜೋತಾಡುತ್ತಿದ್ದವು.

ಗಂಟೆಯಕ್ಕ ಅಲ್ಲಿಗೆ ಬಂದು ಆಗಲೇ ಒಂಬತ್ತು ವರ್ಷವಾಗಿತ್ತು. ಎತ್ತರದ ಆಳು, ಬಲಗಿವಿಯ ಸಂದಿಯಲ್ಲಿ ಸದಾ ಒಂದು ಸೀಸದ ಕಡ್ಡಿ. ಗಂಟೆಗಳನ್ನು ಬರೆದೂ ಬರೆದೂ ಅವಳ ತಲೆಯಲ್ಲಿ ದಿನ, ವಾರ, ತಿಂಗಳುಗಳೆಲ್ಲ ಅಳಿಸಿಹೋಗಿದ್ದವು. ನನ್ನ ಮಗನಿಗೆ ಒಂದು ತಿಂಗಳಾಯಿತು ಎಂದು ಯಾರಾದರೂ ಹೇಳಿದರೆ, "ಏಳುನೂರ ಇಪ್ಪತ್ತು ಗಂಟೆ ಆಯ್ತಾ? ಇನ್ನು ಕುತ್ತಿಗೆ ನಿಲ್ಲುತ್ತೆ ಬಿಡು," ಎನ್ನುತ್ತಿದ್ದಳು. ಹತ್ತನೆಯ ತರಗತಿಯವರೆಗೆ ಓದಿದ್ದಳು. ಓದಿದ್ದರಲ್ಲಿ ಅವಳಿಗೆ ಉಳಿದ ಪ್ರೀತಿ ಒಂದೇ, ಲಾಗರಿದಮ್ ಕೋಷ್ಟಕ. ಅದರ ಹಾಳೆಗಳು ಬಿಡಿಬಿಡಿಯಾಗಿದ್ದ ಪುಸ್ತಕವೊಂದು ಅವಳ ಡ್ರಾಯರಿನಲ್ಲಿ ಬಾಚಣಿಗೆಯ ಪಕ್ಕದಲ್ಲೇ ಇರುತ್ತಿತ್ತು.

ನಾನು ಸೇರಿದ ಎರಡನೇ ವರ್ಷ ಕಾರ್ಖಾನೆಗೆ ಕಂಪ್ಯೂಟರ್ ಬಂತು. ಇಡೀ ಕಟ್ಟಡಕ್ಕೆ ಒಂದೇ ಒಂದು. ಅದಕ್ಕೊಂದು ಗಾಜಿನ ಕೋಣೆ, ತಣ್ಣನೆ ಗಾಳಿ. ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ಅದರ ಜೊತೆಗೇ ಹೊಸ ಎಂಜಿನಿಯರ್ ಒಬ್ಬರು ಬಂದರು. ಕಾಲೇಜಿನಿಂದ ನೇರವಾಗಿ ಬಂದವರು, ಅಂಗಿಯ ಕೊನೆಯ ಗುಂಡಿಯನ್ನೂ ಬಿಡದೆ ಹಾಕುವವರು. ನಮ್ಮ ಹಳೆಯ ರಿಜಿಸ್ಟರುಗಳನ್ನು ಹೊತ್ತುಕೊಂಡು ಹೋಗಿ ಒಂದು ತಿಂಗಳು ಕೂತು ಯಂತ್ರಕ್ಕೆ ತುಂಬಿಸಿದರು. ಆಮೇಲೆ ಒಂದು ಬೆಳಿಗ್ಗೆ ಅಂಚಿನಲ್ಲಿ ತೂತುಗಳಿರುವ ಉದ್ದನೆಯ ಕಾಗದವನ್ನು ಹಿಡಿದುಕೊಂಡು ನಮ್ಮ ಕೋಣೆಗೆ ಓಡೋಡಿ ಬಂದರು.

"ನೋಡಿ ಅಕ್ಕಾ, ನಿಮ್ಮ ಬಲ್ಬುಗಳು ಗುಂಪುಗುಂಪಾಗಿ ಹೋಗ್ತಿವೆ. ಇಪ್ಪತ್ನಾಲ್ಕು ಗಂಟೆಗೊಮ್ಮೆ ಒಂದೊಂದು ರಾಶಿ. ಇಲ್ಲಿ ಕರೆಂಟಿನಲ್ಲಿ ಏನೋ ಭಾರಿ ದೋಷ ಇದೆ. ನಾನಾಗಲೇ ಮ್ಯಾನೇಜರಿಗೆ ಪತ್ರ ಬರೆದಿದ್ದೀನಿ."

ಗಂಟೆಯಕ್ಕ ಕಾಗದವನ್ನು ನೋಡಿದಳು. ಆರಿದ ಬಲ್ಬಿಗೊಂದರಂತೆ ನಕ್ಷತ್ರ ಚಿಹ್ನೆಗಳ ಸಾಲು. ನಡುನಡುವೆ ಬಾಚಣಿಗೆಯ ಹಲ್ಲಿನಂತೆ ಉದ್ದುದ್ದ ಚಾಚು.

"ಸಾರ್, ಈ ಚಾಚುಗಳೆಲ್ಲ ಬೆಳಿಗ್ಗೆ ಎಂಟು ಗಂಟೆಗೇ ಬಿದ್ದಿವೆಯಾ?"

"ಹೌದು! ಸರಿಯಾಗಿ ಎಂಟಕ್ಕೇ!"

"ಬಲ್ಬು ಎಂಟಕ್ಕೆ ಸಾಯಲ್ಲ ಸಾರ್. ನಾವು ಬರೋದು ಎಂಟಕ್ಕೆ."

ಸಂಜೆ ನಾಲ್ಕಕ್ಕೆ ನಾವು ಮನೆಗೆ ಹೋದರೆ ಮರುದಿನ ಎಂಟರವರೆಗೆ ಆ ಕೋಣೆಗೆ ಯಾರೂ ಕಾಲಿಡುತ್ತಿರಲಿಲ್ಲ. ಆ ಹದಿನಾರು ಗಂಟೆಗಳಲ್ಲಿ ಆರಿದ್ದನ್ನೆಲ್ಲ ಬೆಳಿಗ್ಗೆಯ ಲೆಕ್ಕಕ್ಕೇ ಬರೆಯುತ್ತಿದ್ದೆವು. ಮ್ಯಾನೇಜರ್ ಮೇಜಿನಿಂದ ತಮ್ಮ ಪತ್ರವನ್ನು ವಾಪಸು ತರಲು ಎಂಜಿನಿಯರ್ ಹೋದ ವೇಗ ಇನ್ನೂ ನನ್ನ ಕಣ್ಣ ಮುಂದಿದೆ. ಆದರೆ ಮನುಷ್ಯ ಒಳ್ಳೆಯವರು. ಮಧ್ಯಾಹ್ನ ಅವರೇ ತಿರುಗಿ ಬಂದರು.

"ಹಾಗಾದ್ರೆ ರಾತ್ರಿ ಹೋದವಕ್ಕೆ ಯಾವ ಗಂಟೆ ಹಾಕೋದು ಅಕ್ಕಾ?"

"ನಾಲ್ಕರಿಂದ ಎಂಟರೊಳಗೆ ಯಾವಾಗಾದರೂ ಹೋಗಿರಬಹುದು. ಒಂದು ಗಂಟೆಗೆ ಹೆಚ್ಚು, ಒಂದು ಗಂಟೆಗೆ ಕಡಿಮೆ ಅನ್ನೋಕೆ ನಮಗೇನು ಹಕ್ಕಿದೆ? ಎಲ್ಲಾ ಗಂಟೆಗೂ ಸಮಪಾಲು ಕೊಡಿ."

ಯಂತ್ರಕ್ಕೆ ಹಾಗೆ ಹೇಳಲು ಬರುತ್ತದೆ ಎಂದು ಎಂಜಿನಿಯರ್ ತೋರಿಸಿದರು. ಕೇಳಿದರೆ ಅದು ಸೊನ್ನೆಗೂ ಒಂದಕ್ಕೂ ನಡುವಿನ ಯಾವುದೋ ಒಂದು ಸಂಖ್ಯೆಯನ್ನು ಪಕ್ಷಪಾತವಿಲ್ಲದೆ ಎತ್ತಿಕೊಡುತ್ತಿತ್ತು. ಅದನ್ನು ಹದಿನಾರರಿಂದ ಗುಣಿಸಿ ಸಂಜೆಯ ನಾಲ್ಕಕ್ಕೆ ಕೂಡಿಸಿದರೆ ಆಯಿತು. ಚಾಚುಗಳು ಕರಗಿ ನಕ್ಷತ್ರಗಳು ನುಣ್ಣನೆಯ ಒಂದು ದಿಬ್ಬವಾದವು. ಗಂಟೆಯಕ್ಕ ಬರಿಗಾಲಿನಲ್ಲಿ ಆ ತಣ್ಣನೆಯ ನೆಲದ ಮೇಲೆ ನಿಂತು ದಿಬ್ಬವನ್ನೇ ನೋಡುತ್ತಿದ್ದಳು.

"ಇದನ್ನ ನನಗೂ ಕಲಿಸ್ತೀರಾ ಸಾರ್?" ಎಂದಳು.

ಹೀಗೆ ಮೂವತ್ತೆಂಟನೇ ವಯಸ್ಸಿನಲ್ಲಿ ಅವಳ ಎರಡನೇ ಶಾಲೆ ಶುರುವಾಯಿತು. ಊಟದ ಬಿಡುವಿನಲ್ಲಿ ಅರ್ಧ ಗಂಟೆ. ಪ್ರೋಗ್ರಾಮನ್ನು ಮೊದಲು ಹಳೆಯ ರಿಜಿಸ್ಟರಿನ ಹಿಂಬದಿಯಲ್ಲಿ ಸೀಸದ ಕಡ್ಡಿಯಿಂದ ಬರೆಯುವುದು, ಆಮೇಲೆ ಎರಡೇ ಬೆರಳಲ್ಲಿ ಒತ್ತುವುದು. ಆಗಿನ ಆ ಭಾಷೆಯಲ್ಲಿ ಪ್ರತಿ ಸಾಲಿಗೂ ಒಂದು ನಂಬರು ಕೊಡಬೇಕಿತ್ತು. ಹತ್ತು, ಇಪ್ಪತ್ತು, ಮೂವತ್ತು ಎಂದು. ಒಂದು ಎರಡು ಮೂರು ಎಂದೇ ಯಾಕೆ ಬರೆಯಬಾರದು ಎಂದು ನಾನು ಕೇಳಿದ್ದಕ್ಕೆ, "ತಡವಾಗಿ ನೆನಪಾದದ್ದು ಬಂದರೆ ಎಲ್ಲಿ ಕೂರಿಸ್ತೀಯಾ? ಪಂಕ್ತಿಯಲ್ಲಿ ಜಾಗ ಬಿಟ್ಟಿರಬೇಕು ಕಣೇ," ಎಂದಳು.

ಅಭ್ಯಾಸಕ್ಕೆ ಸಂಖ್ಯೆಗಳು ಬೇಕಿದ್ದವು. ಅವಳ ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ನಾನು ಭಾವ ಎಂದು ಕರೆಯುತ್ತಿದ್ದ ಅವರು ಮಾತಿನ ಮಲ್ಲ. ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಇಡೀ ಬೀದಿಯ ಸುದ್ದಿ ಹೇಳಬಲ್ಲವರು. ಒಂದು ಭಾನುವಾರ ನಾನು ಹೋದಾಗ ಗಂಡ ಹೆಂಡತಿಯ ನಡುವೆ ಅಳತೆ ಪುಸ್ತಕದ ಜಗ್ಗಾಟ ನಡೆದಿತ್ತು.

"ಬೇಡ ಕಣೇ, ಗಿರಾಕಿಗಳ ಸೊಂಟದ ಗುಟ್ಟು ನನ್ನ ಹತ್ತಿರ ಇರೋದು. ಅದನ್ನ ತಗೊಂಡು ಹೋಗಿ ಮಿಷನ್ನಿಗೆ ಹೇಳ್ತೀಯಾ?"

"ಸೊಂಟ ಬೇಡ ರೀ, ಎದೆ ಅಳತೆ ಸಾಕು. ಹೆಸರು ಬರ್ಕೊಳ್ಳಲ್ಲ."

ಅವರ ಮಗಳು, ಗುಂಡಿಗಳ ಡಬ್ಬಿಯ ಜೊತೆಗೇ ಬೆಳೆದದ್ದರಿಂದ ಎಲ್ಲರ ಬಾಯಲ್ಲೂ ಗುಂಡಿಯೇ ಆದವಳು, ನೆಲದ ಮೇಲೆ ಕೂತು ಒಂದೊಂದೇ ಅಳತೆ ಓದಿದಳು, ಅಮ್ಮ ಬರೆದುಕೊಂಡಳು. ಆರುನೂರು ಎದೆಗಳು. ಯಂತ್ರಕ್ಕೆ ಹಾಕಿದರೆ ಮೂವತ್ತೆಂಟು ಇಂಚಿನ ಸುತ್ತ ದೊಡ್ಡ ಗುಡ್ಡ, ಎರಡೂ ಕಡೆಗೆ ಒಂದೇ ಸಮನೆ ಇಳಿಜಾರು. ಆ ಕಾಗದವನ್ನು ಭಾವನಿಗೆ ತೋರಿಸಿದಳು.

"ಇದಕ್ಕೆ ಮಿಷನ್ ಬೇಕಾ? ಮೂವತ್ತೆಂಟೇ ಜಾಸ್ತಿ ಅಂತ ನಾನು ನಿದ್ದೆಯಲ್ಲೂ ಹೇಳ್ತೀನಿ."

"ಸರಿಯಾಗಿ ಮೂವತ್ತೆಂಟು ಎಷ್ಟು ಜನ ಇದ್ದಾರೆ ಹೇಳಿ."

ಭಾವ ಸೂಜಿಯನ್ನು ಬಾಯಿಂದ ತೆಗೆದರು. ಯೋಚಿಸಬೇಕಾದಾಗ ಮಾತ್ರ ಅವರು ಹಾಗೆ ಮಾಡುತ್ತಿದ್ದರು. "ಸರಿಯಾಗಿ ಅಂದ್ರೆ ಒಬ್ಬನೂ ಇಲ್ಲ. ಒಂದು ಕೂದಲು ಆ ಕಡೆ, ಒಂದು ಕೂದಲು ಈ ಕಡೆ. ಟೇಪಿಗೂ ದಪ್ಪ ಇರುತ್ತಲ್ಲ. ಮೂವತ್ತೇಳೂವರೆಯಿಂದ ಮೂವತ್ತೆಂಟೂವರೆವರೆಗೆ ಎಷ್ಟು ಅಂತ ಕೇಳು, ಹೇಳ್ತೀನಿ."

"ಎಂಜಿನಿಯರ್ ಇದನ್ನ ನನಗೆ ಹೇಳಿಕೊಡೋಕೆ ಎರಡು ವಾರ ತಗೊಂಡ್ರು!" ಎಂದು ಗಂಟೆಯಕ್ಕ ಹಣೆ ಚಚ್ಚಿಕೊಂಡಳು. ಹೀಗೆ ಅಳತೆಯಾಗುವ ಯಾವುದಕ್ಕೂ ಒಂದು ಬಿಂದುವಿನ ಮೇಲೆ ಸಾಧ್ಯತೆ ಸೊನ್ನೆ, ಇಲ್ಲಿಂದ ಅಲ್ಲಿಯವರೆಗೆ ಎಂದು ಕೇಳಿದರೆ ಮಾತ್ರ ಉತ್ತರ. ಅಂದು ಭಾವ ಬೀದಿಗೆಲ್ಲ ಕೇಳುವಂತೆ ತಾನೂ ಎಂಜಿನಿಯರ್ ಎಂದು ಹೇಳಿಕೊಂಡರು.

ಬಲ್ಬುಗಳ ದಿಬ್ಬ ಎದೆಗಳ ಗುಡ್ಡದಂತೆ ಇರಲಿಲ್ಲ. ಅದಕ್ಕೆ ಬೇರೆಯದೇ ಸೂತ್ರ. ಆ ಸೂತ್ರಕ್ಕಿದ್ದ ವೈಬುಲ್ ಎಂಬ ವಿದೇಶಿ ಹೆಸರನ್ನು ನಾವು ನಮ್ಮ ಅನುಕೂಲಕ್ಕೆ ತಕ್ಕಂತೆ 'ವಯಸ್ಸಿನ ಬಲ್ಬು' ಮಾಡಿಕೊಂಡೆವು. ಅದರಲ್ಲಿ ಎರಡು ಸಂಖ್ಯೆಗಳು. ಒಂದು, ಸುಮಾರು ಎಷ್ಟು ಗಂಟೆ ಬಾಳುತ್ತದೆ ಎಂಬುದು. ಇನ್ನೊಂದು, ಅವು ಹೇಗೆ ಸಾಯುತ್ತವೆ ಎಂಬುದು. ಎರಡನೆಯದು ಒಂದಕ್ಕಿಂತ ತುಂಬ ಹೆಚ್ಚಿದ್ದರೆ ಬಲ್ಬು ತುಂಬು ಆಯುಷ್ಯ ಉರಿದು ಮುಪ್ಪಿನಿಂದ ಆರುತ್ತದೆ. ಸರಿಯಾಗಿ ಒಂದಿದ್ದರೆ ಹಳತು ಹೊಸತೆಂಬ ಭೇದವಿಲ್ಲದೆ ಯಾವಾಗ ಬೇಕಾದರೂ ಆರುತ್ತದೆ. ಒಂದಕ್ಕಿಂತ ಕಡಿಮೆಯಾದರೆ ಎಳವೆಯಲ್ಲೇ ಹೋಗುವವು ಹೆಚ್ಚು. ಹುಟ್ಟುವಾಗಲೇ ಏನೋ ಕೊರತೆ ಇದೆ ಎಂದು ಅರ್ಥ. ನಮ್ಮ ಬಲ್ಬುಗಳದ್ದು ಹತ್ತಿರ ಹತ್ತಿರ ನಾಲ್ಕು ಬರಬೇಕು ಎಂದು ಎಂಜಿನಿಯರ್ ಅಂದಾಜು ಮಾಡಿದ್ದರು.

ಆದರೆ ಅವಳ ಪ್ರೋಗ್ರಾಂ ಪ್ರತಿ ಸಲವೂ ಕೊನೆಯ ಬಲ್ಬಿನ ಹತ್ತಿರ ಬಂದು ನಿಂತುಬಿಡುತ್ತಿತ್ತು. ಒಂದು ಸರಕಿನ ಅರವತ್ತು ಬಲ್ಬುಗಳನ್ನು ಆರಿದ ಕ್ರಮದಲ್ಲಿ ಜೋಡಿಸಿ, ಮೊದಲನೆಯದು ಆರಿದಾಗ ಅರವತ್ತರಲ್ಲಿ ಒಂದು ಪಾಲು ಹೋಯಿತು, ಎರಡನೆಯದಕ್ಕೆ ಎರಡು ಪಾಲು ಎಂದು ಲೆಕ್ಕ ಹಾಕಿ, ಉಳಿದ ಪಾಲಿನ ಲಾಗರಿದಮ್ ತೆಗೆಯಬೇಕು. ಐವತ್ತೊಂಬತ್ತರವರೆಗೆ ಸುಸೂತ್ರ. ಅರವತ್ತಕ್ಕೆ ಬಂದ ಕೂಡಲೇ ತಪ್ಪು ಎಂದು ಒಂದು ಸಾಲು ಮೂಡಿ ಎಲ್ಲವೂ ಸ್ತಬ್ಧ. ಎಂಜಿನಿಯರ್ ಆ ವಾರ ರಜೆಯಲ್ಲಿದ್ದರು. ಅವಳು ಮೂರು ದಿನ ಮುಖ ಗಂಟಿಕ್ಕಿಕೊಂಡು ಓಡಾಡಿದಳು. ಬಲ್ಬಿನ ಸಾಲಿನಲ್ಲಿ ಸುತ್ತು ಹಾಕುವಾಗಲೂ ತುಟಿ ಅಲುಗುತ್ತಿತ್ತು. ನಾಲ್ಕನೇ ದಿನ ಊಟದ ಡಬ್ಬಿಯ ಮುಚ್ಚಳ ಅರ್ಧ ತೆರೆದವಳು ಹಾಗೇ ನಿಂತಳು.

"ಸೀನಮ್ಮ, ಅರವತ್ತರಲ್ಲಿ ಅರವತ್ತೂ ಹೋದ್ರೆ ಉಳಿದದ್ದೆಷ್ಟು?"

"ಸೊನ್ನೆ."

"ಸೊನ್ನೆಗೆ ಲಾಗ್ ಇಲ್ಲ ಕಣೇ! ನಮ್ಮ ಕೋಷ್ಟಕದಲ್ಲಿ ಯಾವತ್ತಾದ್ರೂ ನೋಡಿದ್ದೀಯಾ? ಇದಾದ ಮೇಲೆ ಲೋಕದಲ್ಲಿ ಉರಿಯೋ ಬಲ್ಬೇ ಇಲ್ಲ ಅಂತ ನಾನು ಮಿಷನ್ನಿಗೆ ಹೇಳ್ತಿದ್ದೀನಿ. ನಾವು ನೋಡಿದ್ದು ಅರವತ್ತೇ. ಇದಕ್ಕಿಂತ ಹೆಚ್ಚು ಬಾಳೋದು ಇನ್ನೊಂದು ಎಲ್ಲಾದ್ರೂ ಇದ್ದೇ ಇರುತ್ತೆ. ಅದಕ್ಕೂ ಒಂದು ಪಾಲು ಬಿಡಬೇಕು."

ಅರವತ್ತರ ಬದಲು ಅರವತ್ತೊಂದರಿಂದ ಭಾಗಿಸಿದಳು. ಪ್ರೋಗ್ರಾಂ ಕೊನೆಯವರೆಗೆ ಓಡಿತು. ರಜೆಯಿಂದ ಬಂದ ಎಂಜಿನಿಯರ್, ದೊಡ್ಡ ಪುಸ್ತಕಗಳಲ್ಲೂ ಹೀಗೇ ಮಾಡುತ್ತಾರೆ ಎಂದಾಗ ಗಂಟೆಯಕ್ಕ ಸೀಸದ ಕಡ್ಡಿಯನ್ನು ಕಿವಿಯಿಂದ ತೆಗೆದು ಇನ್ನೊಂದು ಕಿವಿಗೆ ಸಿಕ್ಕಿಸಿಕೊಂಡಳು. ಆ ಸಂಜೆ ಮನೆಯ ದಾರಿಯಲ್ಲಿ ಅವಳು ನನಗಿಂತ ಹತ್ತು ಹೆಜ್ಜೆ ಮುಂದೆಯೇ ಇದ್ದಳು. ಅಷ್ಟು ಚುರುಕಾಗಿ ಅವಳು ನಡೆದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಮುಂದಿನ ವರ್ಷದ ಮಾತು. ಕೋಳಿ ಸಾಕಣೆಯ ಯಜಮಾನರೊಬ್ಬರು ದೊಡ್ಡ ಬೇಡಿಕೆ ತಂದರು. ಈಗಷ್ಟೇ ಮೊಟ್ಟೆಯೊಡೆದ ಮರಿಗಳಿಗೆ ಕಾವು ಕೊಡಲು ಬಲ್ಬು ಬೇಕು, ಸಾವಿರಗಟ್ಟಲೆ. ಮ್ಯಾನೇಜರ್ ಅರವತ್ತು ಬಲ್ಬುಗಳನ್ನು ನಮ್ಮ ಕೋಣೆಗೆ ಕಳಿಸಿದರು. ಎರಡು ತಿಂಗಳಿಗೂ ಮೀರಿ ಉರಿದ ಮೇಲೆ ಸರಾಸರಿ ತೆಗೆದರೆ ಸಾವಿರದ ಹನ್ನೆರಡು ಗಂಟೆ. ಡಬ್ಬಿಯ ಮೇಲೆ ಅಚ್ಚಾಗುವುದು ಸಾವಿರ. ಮ್ಯಾನೇಜರ್ ಕುಣಿಯುವುದೊಂದು ಬಾಕಿ. ಯಜಮಾನರನ್ನು ಕರೆದುಕೊಂಡು ನಮ್ಮ ಹೊಸ್ತಿಲವರೆಗೂ ಬಂದರು.

"ನೋಡಿ, ಸರಾಸರಿ ಸಾವಿರದ ಹನ್ನೆರಡು. ನೀವು ಕಣ್ಣು ಮುಚ್ಚಿಕೊಂಡು ತಗೊಳ್ಳಬಹುದು."

ಯಜಮಾನರು ಮಿತಭಾಷಿ. ಬಲ್ಬುಗಳನ್ನು ನೋಡಿದರು, ಆಮೇಲೆ ಗಂಟೆಯಕ್ಕನನ್ನು ನೋಡಿದರು. "ಸಾವಿರ ಗಂಟೆ ಆದ ಮೇಲೆ ನನ್ನ ಮರಿಗಳಿಗೆ ಬಲ್ಬೇ ಬೇಕಾಗಿರಲ್ಲಮ್ಮ, ಪುಕ್ಕ ಬಂದಿರುತ್ತೆ. ಮೊದಲ ಎಂಟು ದಿನ ಹೇಳಿ. ಅಷ್ಟರೊಳಗೆ ನೂರರಲ್ಲಿ ಎಷ್ಟು ಆರುತ್ತವೆ?"

ಮ್ಯಾನೇಜರ್ ಗಂಟೆಯಕ್ಕನ ಕಡೆ ನೋಡಿದ ನೋಟ ನನಗೆ ಕಂಡಿತು. ಅವಳಿಗೂ ಕಂಡಿತ್ತು.

"ಹತ್ತು," ಎಂದಳು.

"ನೂರಕ್ಕೆ ಹತ್ತಾ?"

"ಹೌದು ಸಾರ್. ಉಳಿದವು ಚೆನ್ನಾಗಿ ಉರಿದು ಸರಾಸರಿಯನ್ನ ಮೇಲಕ್ಕೆ ಎಳೆದಿವೆ. ಅಪ್ಪನಿಗೂ ಮಗನಿಗೂ ಸೇರಿಸಿ ಸರಾಸರಿ ಅಳತೆಗೆ ಎರಡು ಅಂಗಿ ಹೊಲಿದ್ರೆ ಇಬ್ಬರಿಗೂ ಆಗಲ್ಲ ಅಂತಾರೆ ನಮ್ಮ ಮನೆಯವರು."

ಯಜಮಾನರು ಯೋಚಿಸಿ ಹೇಳುತ್ತೇನೆ ಎಂದು ಹೊರಟುಹೋದರು. ಹಿಂದೆಯೇ ಅವಳಿಗೆ ಮ್ಯಾನೇಜರ್ ಕೋಣೆಯಿಂದ ಕರೆ ಬಂತು. ನಾನು ಬಾಗಿಲಾಚೆ ಕಾಯುತ್ತಾ ನಿಂತೆ. ಹೊರಗೆಲ್ಲ ಕೇಳುವ ಧ್ವನಿ ಅವರದು.

"ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಏನಾದರೂ ಒಂದು ಹೇಳಿದ್ರೆ ಆಗ್ತಿರಲಿಲ್ವೇನಮ್ಮ?"

"ದೀಪದ ವಿಷಯದಲ್ಲೇ ಹಾಗೆ ಹೇಳೋಕೆ ಬರಲಿಲ್ಲ ಸಾರ್."

ಅವರ ದನಿ ಇಳಿಯಿತು. "ಸರಿ. ಆ ಹತ್ತು ಯಾಕೆ ಹೋಗ್ತಿವೆ? ಅದನ್ನ ಹೇಳು. ಒಂದು ವಾರ ಕೊಡ್ತೀನಿ."

ಯಾಕೆ ಎಂಬುದು ಅವಳಿಗೆ ಆಗಲೇ ಅರ್ಧ ಗೊತ್ತಿತ್ತು. ಬಲ್ಬುಗಳೆಲ್ಲ ಒಂದೇ ಬಗೆಯವಾದರೆ, ಆ ಲಾಗರಿದಮ್ ಲೆಕ್ಕದ ಚುಕ್ಕಿಗಳು ಅವಳ ಕಾಗದದ ಮೇಲೆ ಒಂದೇ ನೇರ ಗೆರೆಯಲ್ಲಿ ಬೀಳಬೇಕು. ಇವು ನಡುವೆ ಮಂಡಿ ಮಡಿಸಿದ್ದವು. ಎರಡು ಬಗೆಯ ಬಲ್ಬುಗಳು ಬೆರೆತಿವೆ ಎಂದು ಅದರ ಅರ್ಥ. ಪ್ರತಿ ಬಲ್ಬಿನ ಲೋಹದ ಟೊಪ್ಪಿಗೆಯ ಅಂಚಿನಲ್ಲಿ ಗಾಜು ಬೆಸೆದ ಮೇಜಿನ ನಂಬರು ಚಿಕ್ಕದಾಗಿ ಒತ್ತಿರುತ್ತಿತ್ತು. ಯಾರೂ ಕೇಳದಿದ್ದರೂ ಅವಳು ಅದನ್ನೂ ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದಳು. ಪ್ರೋಗ್ರಾಮಿನ ಮೂವತ್ತನೇ ಸಾಲಿಗೂ ನಲವತ್ತನೇ ಸಾಲಿಗೂ ನಡುವೆ ಮೂವತ್ತೈದು ಎಂದು ಒಂದು ಸಾಲು ಕೂರಿಸಿ, ಮೇಜಿನ ಪ್ರಕಾರ ಬೇರೆ ಬೇರೆ ಲೆಕ್ಕ ಕೊಡು ಎಂದಳು. ಒಂದನೇ ಮೇಜು, ಎರಡನೇ ಮೇಜು, ನಾಲ್ಕನೇ ಮೇಜು, ಈ ಮೂರೂ ಮೇಜುಗಳ ಎರಡನೆಯ ಸಂಖ್ಯೆ ನಾಲ್ಕರ ಆಸುಪಾಸು. ಮೂರನೇ ಮೇಜಿನದು ಸೊನ್ನೆ ಪಾಯಿಂಟ್ ಏಳು. ಅಲ್ಲಿಂದ ಬಂದ ಹದಿನೈದು ಬಲ್ಬುಗಳಲ್ಲಿ ಆರು ಎಂಟು ದಿನ ದಾಟಿರಲಿಲ್ಲ.

ಆ ಕಾಗದವನ್ನು ನಾವಿಬ್ಬರೂ ಒಟ್ಟಿಗೇ ಓದಿದೆವು. ಮೂರನೇ ಮೇಜಿನಲ್ಲಿ ಕೂರುತ್ತಿದ್ದದ್ದು ದೊಡ್ಡಮ್ಮ.

ದೊಡ್ಡಮ್ಮ ಯಾರ ದೊಡ್ಡಮ್ಮನೂ ಅಲ್ಲ. ಕಾರ್ಖಾನೆಯ ಹೆಂಗಸರಲ್ಲೆಲ್ಲ ಹಿರಿಯಳು, ಅಷ್ಟೇ. ಮೂವತ್ತು ವರ್ಷದಿಂದ ಬೆಂಕಿಯ ಮುಂದೆ ಗಾಜು ಬೆಸೆಯುತ್ತಾ ಬಂದವಳು. ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಉಳಿದರೂ ಒಳಗೆ ಗಾಳಿ ನುಸುಳಿ ತಂತಿ ಬೇಗ ಉರಿದುಹೋಗುತ್ತದೆ. ಅಂಥ ಬಿರುಕನ್ನು ಅವಳ ಕಣ್ಣು ಮೊಳ ದೂರದಿಂದ ಹಿಡಿಯುತ್ತಿತ್ತು ಎಂದು ಕತೆಯಾಗಿ ಹೇಳುತ್ತಿದ್ದರು. ಗಂಟೆಯಕ್ಕನನ್ನು ಹುಡುಗಿಯಾಗಿದ್ದಾಗ ಕೈಹಿಡಿದು ಕಾರ್ಖಾನೆಯ ಗೇಟಿನೊಳಗೆ ಕರೆತಂದು, ನನ್ನ ಸ್ವಂತ ತಂಗಿಯ ಮಗಳು ಎಂದು ಹಸೀ ಸುಳ್ಳು ಹೇಳಿ ಕೆಲಸ ಕೊಡಿಸಿದ್ದೂ ಅವಳೇ.

ಭಾನುವಾರ ಮಧ್ಯಾಹ್ನ ನಾವು ಅವಳ ಮನೆಗೆ ಹೋದೆವು. ಮಹಡಿಯ ಮೇಲೆ ಒಂದೇ ಕೋಣೆ. ಹಾಸಿಗೆಯ ಹೊದಿಕೆಯಲ್ಲಿ ಒಂದು ಸುಕ್ಕಿಲ್ಲ, ಕಿಟಕಿಯಲ್ಲಿ ನಾಲ್ಕು ಕುಂಡ. ಒಬ್ಬಳೇ ಇದ್ದಳು. ಚಹಾ ಮಾಡಿ ತಂದು ಕಪ್ಪನ್ನು ಮೇಜಿನ ಅಂಚಿಗೆ ಇಟ್ಟಳು. ಅರ್ಧ ಮೇಜಿನ ಮೇಲೆ, ಅರ್ಧ ಗಾಳಿಯಲ್ಲಿ. ಬೀಳುವಷ್ಟರಲ್ಲಿ ಗಂಟೆಯಕ್ಕ ಹಿಡಿದಳು. ದೊಡ್ಡಮ್ಮನಿಗೆ ಅದೂ ಕಾಣಲಿಲ್ಲ.

"ದೊಡ್ಡಮ್ಮ, ಕಣ್ಣು ಯಾವಾಗಿಂದ ಹೀಗೆ?"

"ಕಣ್ಣಿಗೇನಾಗಿದೆ? ನಿನ್ನ ಕೈಯಲ್ಲಿ ಏನೋ ಕಾಗದ ಇದೆ. ಸದ್ದು ಕೇಳ್ತಿದೆ. ನನ್ನ ಮೇಲೆ ಬರೆದು ತಂದಿದ್ದೀಯಾ?"

"ನಿಮ್ಮ ಮೇಲಲ್ಲ. ಮೂರನೇ ಮೇಜಿನ ಮೇಲೆ."

"ಎರಡೂ ಒಂದೇ." ಅವಳು ಕೂರಲಿಲ್ಲ. "ನಿನಗೆ ಆ ಗೇಟು ತೋರಿಸಿದವಳು ನಾನು. ಈಗ ನನಗೇ ಗೇಟು ತೋರಿಸೋಕೆ ಬಂದೆಯಾ? ಪಿಂಚಣಿಗೆ ಇನ್ನೆರಡು ವರ್ಷ ಇದೆ. ಅಷ್ಟು ದಿನ ಬಾಯಿ ಮುಚ್ಚಿಕೊಂಡು ಇರೋಕೆ ಆಗಲ್ವಾ ನಿನಗೆ?"

ಗಂಟೆಯಕ್ಕ ಕಾಗದವನ್ನು ಮಡಿಚಿ ಹೇಳಿದಳು. "ನಾಳೆ ನೀವೇ ಹೋಗಿ, ಬೆಂಕಿ ಹತ್ತಿರ ಕೂರೋಕೆ ಮೈ ಒಗ್ತಾ ಇಲ್ಲ, ಪರೀಕ್ಷಾ ಕೋಣೆಗೆ ಹಾಕಿ ಅಂತ ಕೇಳಿ. ಅಲ್ಲಿ ನೋಡಬೇಕಾದದ್ದು ಉರೀತಿದೆಯಾ ಇಲ್ವಾ ಅಷ್ಟೇ. ಕಣ್ಣಿನ ಆಸ್ಪತ್ರೆಗೆ ನಾನು ಜೊತೆಗೆ ಬರ್ತೀನಿ. ಪೊರೆ ತೆಗೆದ್ರೆ ಸರಿಹೋಗುತ್ತೆ."

"ಚಹಾ ಕುಡಿದಾಯ್ತಲ್ಲ. ಹೊರಡಿ."

ಮೆಟ್ಟಿಲಿಳಿಯುವಾಗ ಗಂಟೆಯಕ್ಕ ಗೋಡೆ ಹಿಡಿದುಕೊಂಡು ಒಂದು ನಿಮಿಷ ನಿಂತಳು. ನಾನು ಸುಮ್ಮನೆ ಅವಳ ಬೆನ್ನಿನ ಮೇಲೆ ಕೈಯಿಟ್ಟೆ.

ಸೋಮವಾರ ಮ್ಯಾನೇಜರ್ ಕೇಳಿದಾಗ ಅವಳು ಕಾಗದವನ್ನು ಮುಂದಿಟ್ಟು ಮೂರನೇ ಮೇಜಿನ ಬೆಸುಗೆಯಲ್ಲಿ ಬಿರುಕು ಎಂದಳು.

"ಮೂರನೇ ಮೇಜಿನಲ್ಲಿ ಯಾರು ಕೂರೋದು?"

"ಮಿಷನ್ ಮೇಜಿನ ನಂಬರ್ ಮಾತ್ರ ಹೇಳುತ್ತೆ ಸಾರ್, ಹೆಸರು ಹೇಳಲ್ಲ. ಆ ಮೂಲೆಯಲ್ಲಿ ಬೆಳಕು ಕಡಿಮೆ. ಮೊದಲು ಅದನ್ನ ಸರಿಮಾಡಿಸಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋದು ಬೇಡ."

ಬಲ್ಬು ಮಾಡುವ ಕಾರ್ಖಾನೆಯಲ್ಲೇ ಬೆಳಕಿಲ್ಲ ಎಂದರೆ ಮ್ಯಾನೇಜರಿಗೂ ನಗು ಬಂತು. ಅವರಿಗೆ ಆಗಲೇ ಎಲ್ಲ ಗೊತ್ತಿತ್ತು ಎಂದು ನನಗೆ ಈಗ ಅನ್ನಿಸುತ್ತದೆ. ಯಾಕೆಂದರೆ ಅದೇ ಬೆಳಿಗ್ಗೆ ಅವರ ಮೇಜಿನ ಮೇಲೆ ಇನ್ನೊಂದು ಅರ್ಜಿಯೂ ಇತ್ತು. ಬೆಂಕಿಯ ಕಾವು ಮೈಗೆ ಆಗುತ್ತಿಲ್ಲ ಎಂದು ದೊಡ್ಡಮ್ಮ ಬರೆಸಿಕೊಟ್ಟಿದ್ದಳು. ಅದಕ್ಕೆ ಅವರು, ಇಡೀ ಕಾರ್ಖಾನೆಯಲ್ಲೇ ಅತಿ ಸೆಕೆಯ ಕೋಣೆಗೆ ವರ್ಗ ಎಂದು ಮರುಮಾತಿಲ್ಲದೆ ರುಜು ಹಾಕಿದರು.

ದೊಡ್ಡಮ್ಮ ಬಂದಳು. ಬಂದು ಗಂಟೆಯಕ್ಕನಿಗೆ ಬೆನ್ನು ಹಾಕಿ ಸ್ಟೂಲ್ ಇಟ್ಟುಕೊಂಡು ಕೂತಳು. ನಾಲ್ಕು ತಿಂಗಳು ಒಂದೇ ಒಂದು ಮಾತಿಲ್ಲ. ಏನಾದರೂ ಬೇಕಿದ್ದರೆ ನನಗೆ ಹೇಳುವಳು: "ಸೀನಮ್ಮ, ಎರಡನೇ ಸಾಲಿನಲ್ಲಿ ಏಳನೆಯದು ಆರಿದೆ ಅಂತ ಬರ್ಕೊಳ್ಳೋಕೆ ಹೇಳು." ಗಂಟೆಯಕ್ಕ ಎರಡು ಮಾರು ದೂರದಲ್ಲೇ ಕೂತಿರುತ್ತಿದ್ದಳು. ನಾನು ಇಬ್ಬರ ನಡುವಿನ ಅಂಚೆಯವಳಾದೆ. ದಿನವೂ ಮಧ್ಯಾಹ್ನ ಗಂಟೆಯಕ್ಕ ದೊಡ್ಡಮ್ಮನ ಡಬ್ಬಿಯನ್ನೂ ಕೆಳಗಿನ ಸಾಲಿನ ಬಳಿ ಬಿಸಿಗೆ ಇಡುತ್ತಿದ್ದಳು. ದೊಡ್ಡಮ್ಮ ಮೊದಲ ವಾರ ಅದನ್ನು ಎತ್ತಿ ಪಕ್ಕಕ್ಕಿಟ್ಟು ತಣ್ಣಗಾದ ಮೇಲೆಯೇ ಉಂಡಳು. ಎರಡನೇ ವಾರದಿಂದ ಬಿಸಿಯಾಗಿಯೇ ಉಣ್ಣತೊಡಗಿದಳು. ಆದರೆ ಮಾತು ಮಾತ್ರ ಇಲ್ಲ.

ಆಸ್ಪತ್ರೆಗೆ ಕೊನೆಗೂ ನನ್ನ ಜೊತೆ ಹೋದಳು. ಎರಡೂ ಕಣ್ಣಿನ ಪೊರೆ ತೆಗೆದರು. ರಜೆ ಮುಗಿಸಿ ದಪ್ಪ ಕನ್ನಡಕ ಹಾಕಿಕೊಂಡು ಬಾಗಿಲಲ್ಲಿ ನಿಂತವಳು ಮೊದಲು ಬಲ್ಬುಗಳ ಕಡೆ ನೋಡಿ ಕಣ್ಣು ಕಿರಿದು ಮಾಡಿದಳು. ಆಮೇಲೆ ಗಂಟೆಯಕ್ಕನ ಕಡೆ ತಿರುಗಿ ಬಹಳ ಹೊತ್ತು ನೋಡಿದಳು.

"ಏನೇ ಇದು! ನಿನ್ನ ತಲೆ ಇಷ್ಟೊಂದು ನರೆತಿದೆಯಾ? ನನಗೆ ಯಾರೂ ಹೇಳಲೇ ಇಲ್ಲವಲ್ಲ!"

ಗಂಟೆಯಕ್ಕ ಕೂತಲ್ಲೇ ನಗುತ್ತಾ ಅಳತೊಡಗಿದಳು. ದೊಡ್ಡಮ್ಮ ಹತ್ತಿರ ಬಂದು ಅವಳ ಕಿವಿಯ ಸೀಸದ ಕಡ್ಡಿಯನ್ನು ಕಿತ್ತು, "ಇದನ್ನ ಒಂದು ಸಲ ಚೂಪು ಮಾಡ್ಕೋ, ಮೊಂಡಾಗಿದೆ. ಈಗ ನನಗೆ ಎಲ್ಲಾ ಕಾಣುತ್ತೆ," ಎಂದಳು. ಅಂದು ಮೂವರ ಡಬ್ಬಿಗಳೂ ಒಂದೇ ಮೇಜಿನ ಮೇಲೆ ತೆರೆದವು.

ಮೂರನೇ ಮೇಜಿಗೆ ಬೇರೆಯವರು ಬಂದರು. ಮುಂದಿನ ಪರೀಕ್ಷೆಯಲ್ಲಿ ಅಲ್ಲಿಯ ಸಂಖ್ಯೆಯೂ ನಾಲ್ಕರ ಹತ್ತಿರ ಬಂತು. ಕೋಳಿ ಯಜಮಾನರು ಬಲ್ಬು ಕೊಂಡರು. ಆರು ತಿಂಗಳ ಮೇಲೆ ನಮ್ಮ ಕೋಣೆಗೆಂದು ಒಂದು ಬುಟ್ಟಿ ಮೊಟ್ಟೆ ಕಳಿಸಿದರು. ಅದು ಮ್ಯಾನೇಜರ್ ಕೋಣೆ ದಾಟಿ ನಮ್ಮಲ್ಲಿಗೆ ಬರುವಷ್ಟರಲ್ಲಿ ಅರ್ಧ ಬುಟ್ಟಿಯಾಗಿತ್ತು. ದೊಡ್ಡಮ್ಮ ಪಿಂಚಣಿಯ ದಿನದವರೆಗೂ ನಮ್ಮೊಂದಿಗಿದ್ದು, ಗೌರವದಿಂದ ನಿವೃತ್ತಿಯಾಗಿ ಹೋದಳು. ಆ ದಿನಗಳಲ್ಲಿ ಆ ಕೋಣೆಯಲ್ಲಿ ನಾವು ನಕ್ಕಷ್ಟು ನಾನು ಆಮೇಲೆ ಎಲ್ಲೂ ನಕ್ಕಿಲ್ಲ.

ಕಾಲ ಯಾರ ಕೈಗೂ ಸಿಗುವುದಲ್ಲ. ಎಂಜಿನಿಯರ್ ಬೇರೆ ಊರಿಗೆ ಹೋದರು. ಹೋಗುವಾಗ ತಮ್ಮ ದಪ್ಪ ಪುಸ್ತಕವೊಂದನ್ನು ಗಂಟೆಯಕ್ಕನಿಗೆ ಕೊಟ್ಟು, ಮೊದಲ ಪುಟದಲ್ಲಿ 'ಎಂಟು ಗಂಟೆಯ ಪಾಠ ಕಲಿಸಿದವರಿಗೆ' ಎಂದು ಬರೆದರು. ಗಾಜಿನ ಕೋಣೆಯ ಯಂತ್ರ ಹೋಗಿ ಮೇಜಿಗೊಂದು ಯಂತ್ರ ಬಂತು. ಚಪ್ಪಲಿ ಬಿಡುವ ಪದ್ಧತಿ ಹೋಯಿತು. ಆಮೇಲೆ ತಂತಿ ಬಲ್ಬುಗಳನ್ನು ಕೇಳುವವರೇ ಕಡಿಮೆಯಾದರು. ಹೊಸ ಬಗೆಯ ದೀಪಗಳು ಹತ್ತಾರು ಸಾವಿರ ಗಂಟೆ ಉರಿಯುತ್ತವೆ. ಅವು ಆರುವುದನ್ನು ಕಾದು ಕೂರಲು ಯಾರಿಗೂ ಆಯುಷ್ಯ ಸಾಲದು.

ಪರೀಕ್ಷಾ ಕೋಣೆಯ ಕೊನೆಯ ದಿನ ನಾವಿಬ್ಬರೇ ಇದ್ದೆವು. ಚೌಕಟ್ಟಿನಲ್ಲಿ ಇನ್ನೂ ನೂರ ಮೂವತ್ತು ಬಲ್ಬುಗಳು ಉರಿಯುತ್ತಿದ್ದವು. ಅವು ತಾವಾಗಿ ಆರುವವರೆಗೆ ಬಿಡಿ ಎಂದು ಗಂಟೆಯಕ್ಕ ಕೇಳಿದಳು. ಕಟ್ಟಡ ಬಿಟ್ಟುಕೊಡಬೇಕು, ಆಗುವುದಿಲ್ಲ ಎಂದರು. ರಿಜಿಸ್ಟರಿನಲ್ಲಿ ನೂರ ಮೂವತ್ತು ನಂಬರುಗಳ ಮುಂದೆ ಆ ಹೊತ್ತಿನವರೆಗಿನ ಗಂಟೆ ಬರೆದು, ಪ್ರತಿಯೊಂದರ ಪಕ್ಕದಲ್ಲೂ 'ಇನ್ನೂ ಉರಿಯುತ್ತಿತ್ತು' ಎಂದು ಬರೆದಳು. ಅದಕ್ಕೇ ಒಂದೂವರೆ ಗಂಟೆ ಹಿಡಿಯಿತು. ಬರೀ ಅಡ್ಡಗೆರೆ ಎಳೆದರೂ ಆಗುತ್ತಿತ್ತು. ಆದರೆ ಅಡ್ಡಗೆರೆ ಎಳೆದರೆ ಸತ್ತವು ಎಂದು ಲೆಕ್ಕಕ್ಕೆ ಹೋಗುತ್ತವೆ ಕಣೇ, ಅದು ಸುಳ್ಳಾಗುತ್ತದೆ ಎಂದಳು. ಆಮೇಲೆ ಮುಖ್ಯ ಸ್ವಿಚ್ ಎಳೆದಳು.

ಅಷ್ಟು ವರ್ಷಗಳಲ್ಲಿ ನಾನು ಆ ಕೋಣೆಯನ್ನು ಕತ್ತಲಲ್ಲಿ ನೋಡಿರಲಿಲ್ಲ. ಅಷ್ಟು ಚಿಕ್ಕ ಕೋಣೆ ಎಂದು ಗೊತ್ತೇ ಇರಲಿಲ್ಲ. ಗೋಡೆಗಳಿಗೆ ಹಸಿರು ಬಣ್ಣ ಬಳಿದಿದ್ದರು ಎಂಬುದೂ ಬಾಗಿಲಿನಿಂದ ಬಂದ ಮಬ್ಬು ಬೆಳಕಿನಲ್ಲಿ ಆಗಲೇ ಕಂಡದ್ದು. ಬಿಸಿ ಗಾಜು ತಣಿಯುವಾಗ ಮೂಲೆಮೂಲೆಯಿಂದ ಟಿಣ್, ಟಿಣ್ ಎಂದು ಸಣ್ಣ ಸದ್ದು ಬರುತ್ತಿತ್ತು. ಅದು ನಿಲ್ಲುವವರೆಗೂ ನಾವು ಅಲ್ಲೇ ನಿಂತಿದ್ದೆವು.

ಗಂಟೆಯಕ್ಕ ಈಗ ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದಾಳೆ. ಭಾವನ ಕೈ ನಡುಗುತ್ತದೆ. ಸೂಜಿ ಬಿಟ್ಟರು, ಮಾತು ಬಿಡಲಿಲ್ಲ. ಗುಂಡಿಗೆ ಮದುವೆಯಾಗಿ ಇಬ್ಬರು ಮಕ್ಕಳು. ಮಳೆಗಾಲದ ಮೊದಲ ಚಳಿ ಬಂದಾಗ ನನ್ನ ಕತ್ತಿನ ಹಿಂಭಾಗ ಈಗಲೂ ಆ ಕಾವನ್ನು ಹುಡುಕುತ್ತದೆ. ಮೊನ್ನೆ ಅವಳ ಮುಂದೆ ಅದನ್ನೇ ಹೇಳಿದೆ.

"ನನಗೂ ಹಾಗೇ ಆಗುತ್ತೆ," ಎಂದಳು. ಒಳಗೆ ಹೋಗಿ ಒಂದು ಉಣ್ಣೆಯ ಶಾಲು ತಂದು ನನ್ನ ಹೆಗಲಿಗೆ ಹಾಕಿದಳು. "ಇದನ್ನ ಇಟ್ಕೋ. ನಾಳೆ ಬೆಳಿಗ್ಗೆ ಬಾ, ವಾಕಿಂಗ್ ಹೋಗೋಣ. ಇಬ್ಬರೂ ಕೂತು ಕೂತು ತುಕ್ಕು ಹಿಡೀತಿದ್ದೀವಿ."

"ಎಷ್ಟು ಹೊತ್ತಿಗೆ ಬರಲಿ?"

"ಆರರಿಂದ ಏಳರೊಳಗೆ ಯಾವಾಗಾದ್ರೂ ಬಾ," ಎಂದಳು.